ಹೊಲದ ಮೂಲೆ ಕೊಯ್ಯದೆ ಬಿಡಿ: ‘ಎಲ್ಲ ಸರಿಯಾಗೇ ಇರಬೇಕು’ ಎಂಬ ಹಟವನ್ನು ಕ್ರಿಸ್ತನಂಬಿಕೆಯಲ್ಲಿ ಸಡಿಲಿಸುವ ಬಗೆ

ಕೆಲವು ವರ್ಷಗಳ ಹಿಂದಿನ ಡಿಸೆಂಬರ್ 23, ರಾತ್ರಿ ಒಂದೂವರೆ. ಧಾರವಾಡದ ನಮ್ಮ ಅಡುಗೆಮನೆಯಲ್ಲಿ ಎರಡು ತಟ್ಟೆ ಇಟ್ಟುಕೊಂಡು ಕರ್ಜಿಕಾಯಿ ಆರಿಸುತ್ತ ಕೂತಿದ್ದೆ. ಅಂಚು ಬಿಗಿಯಾಗಿ ಮುಚ್ಚಿಕೊಂಡವು ಒಂದು ತಟ್ಟೆಗೆ, ಎಣ್ಣೆಯಲ್ಲಿ ಬಾಯಿ ಬಿಟ್ಟವು ಇನ್ನೊಂದಕ್ಕೆ. ಓಣಿಯ ಹನ್ನೆರಡು ಮನೆಗಳಿಗೆ ಕ್ರಿಸ್ಮಸ್ ಡಬ್ಬಿ ಹೋಗಬೇಕಿತ್ತು. ಬಾಯಿ ಬಿಟ್ಟದ್ದು ಒಂದೂ ಹೋಗಕೂಡದು ಎಂಬುದು ನಾನೇ ಮಾಡಿಕೊಂಡ ಕಾನೂನು. ಎರಡನೆಯ ತಟ್ಟೆ ತುಂಬಿದಂತೆಲ್ಲ ಮತ್ತೆ ಕಣಕ ನಾದುತ್ತಿದ್ದೆ. ಸಂಜೆ ನಕ್ಷತ್ರ ಕಟ್ಟೋಣ ಬಾ ಎಂದು ಕರೆದ ಮಗಳಿಗೆ ‘ಈಗಲ್ಲ’ ಅಂದಿದ್ದೆ. ಅವಳು ಕಾದು ಕಾದು ಮಲಗಿಬಿಟ್ಟಿದ್ದಳು.

ನೀರು ಕುಡಿಯಲು ಎದ್ದ ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ‘ಯವ್ವಾ, ಬಾಯಾಗ ಹಾಕ್ಕೊಂಡ ಮ್ಯಾಲೆ ಯಾವ್ದು ಮುಚ್ಚಿತ್ತು, ಯಾವ್ದು ಬಿಚ್ಚಿತ್ತು ಅಂತ ಯಾರಿಗೆ ಗೊತ್ತಾಕ್ಕೈತಿ?’ ಅಂದವರೇ ಬಾಯಿ ಬಿಟ್ಟದ್ದೊಂದನ್ನು ಎತ್ತಿಕೊಂಡು ತಿನ್ನುತ್ತ ಹೋದರು. ನನಗೆ ಸಿಟ್ಟು ಬಂತು. ಕೂಸನ್ನು ಮಲಗಿಸಲು ಗೋದಲಿಯೇ ಸಾಕಾಗಿದ್ದ ಹಬ್ಬ ಇದು ಎಂಬುದು ಆ ರಾತ್ರಿ ನನಗೆ ಹೊಳೆಯಲೇ ಇಲ್ಲ.

ನಾನು ಸಭಾಪಾಲಕಿಯಲ್ಲ, ಮನೋವೈದ್ಯೆಯೂ ಅಲ್ಲ. ಶಾಲೆಯಲ್ಲಿ ಪಾಠ ಹೇಳುತ್ತೇನೆ, ಭಾನುವಾರ ಸಂಡೆ ಸ್ಕೂಲ್ ನಡೆಸುತ್ತೇನೆ. ಪರ್ಫೆಕ್ಷನಿಸಂ ಎಂಬ ಈ ಹಟ ನನ್ನನ್ನು ಎಷ್ಟು ತಿಂದಿದೆ ಎಂದು ಗೊತ್ತಾದ ಮೇಲೆ, ನಮ್ಮ ನಂಬಿಕೆಯೊಳಗೇ ಇರುವ ಮದ್ದುಗಳನ್ನು ಒಂದೊಂದಾಗಿ ಹುಡುಕಿಕೊಂಡೆ. ಕೆಳಗಿರುವುದು ಆ ಮದ್ದಿನ ಚೀಟಿ. ಕ್ರಮ ತಪ್ಪಿಸದೆ ಮಾಡಿದರೆ ಒಳ್ಳೆಯದು. ತಪ್ಪಿಸಿದರೂ ಆಕಾಶವೇನೂ ಕಳಚಿ ಬೀಳುವುದಿಲ್ಲ.

ಮೊದಲ ಹೆಜ್ಜೆ: ಅಚ್ಚುಕಟ್ಟು ಯಾವುದು, ಅಂಜಿಕೆ ಯಾವುದು, ಬೇರೆ ಮಾಡಿಕೊಳ್ಳಿ

ಅಚ್ಚುಕಟ್ಟುತನದ ಮೇಲೆ ನನ್ನ ತಕರಾರಿಲ್ಲ. ಬಡಗಿಯೊಬ್ಬ ಕೀಲು ಸರಿಯಾಗಿ ಕೂರುವ ತನಕ ಉಜ್ಜುತ್ತಾನೆ. ಅದು ಕೆಲಸದ ಮೇಲಿನ ಪ್ರೀತಿ. ಹೊರಗಿನಿಂದ ನೋಡಿದರೆ ಹಟವೂ ಹಾಗೇ ಕಾಣುತ್ತದೆ. ವ್ಯತ್ಯಾಸ ಗೊತ್ತಾಗುವುದು ಕೆಲಸ ಕೆಟ್ಟಾಗ. ಬಡಗಿ ‘ಈ ಕೀಲು ಕೆಟ್ಟಿತು’ ಅನ್ನುತ್ತಾನೆ. ನನ್ನಂಥವರು ‘ನಾನು ಕೆಟ್ಟವಳು’ ಅನ್ನುತ್ತೇವೆ.

ಕೆನಡಾದ ಮನಶ್ಶಾಸ್ತ್ರಜ್ಞರಾದ ಪಾಲ್ ಹ್ಯುವಿಟ್ ಮತ್ತು ಗೋರ್ಡನ್ ಫ್ಲೆಟ್ 1991ರಲ್ಲಿ ಈ ಹಟವನ್ನು ಮೂರು ಬಗೆ ಮಾಡಿ ತೋರಿಸಿದರು. ತನ್ನಿಂದ ತಾನೇ ಕುಂದಿಲ್ಲದ್ದನ್ನು ಬಯಸುವುದು ಒಂದು. ಗಂಡ, ಮಕ್ಕಳು, ಕೈಕೆಳಗಿನವರಿಂದ ಬಯಸುವುದು ಇನ್ನೊಂದು. ಜನ ನನ್ನಿಂದ ಅದನ್ನೇ ಬಯಸುತ್ತಿದ್ದಾರೆ ಎಂದು ಅಂಜಿ ಬದುಕುವುದು ಮೂರನೆಯದು. ಈ ಮೂರನೆಯದಕ್ಕೆ ನಮ್ಮಲ್ಲಿ ಹಳೆಯ ಹೆಸರೊಂದಿದೆ: ‘ನಾಲ್ಕು ಜನ ಏನಂದಾರು’.

ಒಂದು ನೋಟ್‌ಬುಕ್ ತೆಗೆದುಕೊಂಡು ಒಂದು ವಾರ ಇಷ್ಟನ್ನು ಬರೆಯಿರಿ. ಇಂದು ಯಾವ ಕೆಲಸವನ್ನು ಮುಗಿದ ಮೇಲೂ ಮುಟ್ಟಿದೆ? ತಪ್ಪಾದೀತೆಂದು ಯಾವ ಕೆಲಸವನ್ನು ಶುರುವನ್ನೇ ಮಾಡಲಿಲ್ಲ? ಎರಡನೆಯ ಪ್ರಶ್ನೆ ಬಿಡಬೇಡಿ. ಈ ಹಟ ಎಷ್ಟೋ ಸಲ ಸೋಮಾರಿತನದ ವೇಷದಲ್ಲಿರುತ್ತದೆ. ಪ್ರತಿ ಸಾಲಿನ ಪಕ್ಕದಲ್ಲೂ ‘ಯಾರ ಮುಂದೆ ನಾಚಿಕೆಯಾದೀತೆಂದು ಅಂಜಿದೆ’ ಎಂದು ಒಂದು ಹೆಸರು ಬರೆಯಿರಿ. ನನ್ನ ಪುಸ್ತಕದಲ್ಲಿ ಆ ವಾರ ನಾಲ್ಕು ಸಲ ಬಂದದ್ದು ತೀರಿಹೋಗಿ ಹನ್ನೊಂದು ವರ್ಷವಾಗಿದ್ದ ನನ್ನ ಅಪ್ಪನ ಹೆಸರು.

ಎರಡನೆಯ ಹೆಜ್ಜೆ: ನಿಮ್ಮನ್ನು ಕಟ್ಟಿಹಾಕಿದ ವಚನವನ್ನು ಪೂರ್ತಿ ಓದಿ

‘ಪರಲೋಕದ ತಂದೆ ದೋಷವಿಲ್ಲದವನಾಗಿರುವಂತೆ ನೀವೂ ಆಗಿರಿ’ ಎಂಬ ಮತ್ತಾಯ 5:48 ಹಟದವರ ಕೈಯಲ್ಲಿರುವ ದೊಡ್ಡ ಬೆತ್ತ. ಸಂಡೆ ಸ್ಕೂಲಿನಲ್ಲಿ ಅದನ್ನು ಬಾಯಿಪಾಠ ಮಾಡಿ ಬಹುಮಾನ ತಗೊಂಡವಳು ನಾನು. ಅದರ ಹಿಂದಿನ ಐದು ವಚನಗಳನ್ನು ಯಾರೂ ಬಾಯಿಪಾಠ ಮಾಡಿಸಲಿಲ್ಲ.

ಅಲ್ಲಿ ಯೇಸು ಮಾತಾಡುತ್ತಿರುವುದು ವೈರಿಗಳನ್ನು ಪ್ರೀತಿಸುವ ಬಗ್ಗೆ. ತಂದೆ ಕೆಟ್ಟವರ ಮೇಲೂ ಒಳ್ಳೆಯವರ ಮೇಲೂ ಸೂರ್ಯ ಮೂಡಿಸುತ್ತಾನೆ, ಮಳೆ ಸುರಿಸುತ್ತಾನೆ. ಪ್ರೀತಿಸುವವರನ್ನಷ್ಟೇ ಪ್ರೀತಿಸಿದರೆ ಏನು ಹೆಚ್ಚು ಮಾಡಿದ ಹಾಗಾಯಿತು ಎಂದು ಕೇಳಿ, ಆಮೇಲೆ ಈ ಮಾತು ಆಡುತ್ತಾನೆ. ಮೂಲದ ಗ್ರೀಕ್ ಪದ ‘ತೆಲೆಯೊಸ್’. ಅದಕ್ಕೆ ಗುರಿ ಮುಟ್ಟಿದ, ಬಲಿತ, ಮಾಗಿದ ಎಂಬ ಅರ್ಥಗಳಿವೆ. ಮಾಗಿದ ಮಾವಿನಹಣ್ಣಿಗೆ ಮಚ್ಚೆ ಇರಬಾರದೆಂದು ಯಾರೂ ಹೇಳುವುದಿಲ್ಲ. ಇದೇ ಉಪದೇಶವನ್ನು ಲೂಕ ಬರೆದಿಡುವಾಗ ಅವನ ಕೈಯಲ್ಲಿ ಅದು, ನಿಮ್ಮ ತಂದೆ ಕರುಣೆಯುಳ್ಳವನಾಗಿರುವಂತೆ ನೀವೂ ಕರುಣೆಯುಳ್ಳವರಾಗಿರಿ ಎಂದಾಗಿದೆ (ಲೂಕ 6:36). ಎರಡನ್ನೂ ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಎಡಕ್ಕೆ ಮತ್ತಾಯ, ಬಲಕ್ಕೆ ಲೂಕ. ಎಡದ್ದು ಬೆತ್ತವಾದಾಗೆಲ್ಲ ಬಲದ್ದನ್ನು ಓದಿ.

ಅಪೊಸ್ತಲ ಪೌಲನ ಪತ್ರಗಳನ್ನೂ ಓದಿಕೊಳ್ಳಿ. ಇಷ್ಟೆಲ್ಲ ಸಭೆಗಳನ್ನು ಕಟ್ಟಿದವನು ಸೆರೆಮನೆಯಿಂದ ಬರೆಯುವುದೇನೆಂದರೆ, ನಾನಿನ್ನೂ ಸಿದ್ಧಿಗೆ ಬಂದವನಲ್ಲ, ಓಡುತ್ತಿದ್ದೇನೆ, ಅಷ್ಟೆ (ಫಿಲಿಪ್ಪಿ 3:12). ಅವನ ಮೈಗೆ ನಾಟಿದ್ದ ಮುಳ್ಳೊಂದಿತ್ತು. ಅದು ಏನೆಂದು ಅವನು ಹೇಳುವುದಿಲ್ಲ. ತೆಗೆದುಬಿಡು ಎಂದು ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು (2 ಕೊರಿಂಥ 12). ‘ಸಾಕು’ ಎಂಬ ಪದ ನನ್ನ ಬಾಯಲ್ಲಿ ಬರುತ್ತಿದ್ದದ್ದು ಬೇಸರಕ್ಕೆ ಮಾತ್ರ. ಅದು ಆಶೀರ್ವಾದವೂ ಆಗಬಲ್ಲದು ಎಂದು ಕಲಿತದ್ದು ಆ ಅಧ್ಯಾಯದಿಂದ.

ಮೂರನೆಯ ಹೆಜ್ಜೆ: ನಿಮ್ಮ ದೇವರ ಮುಖ ಹೇಗಿದೆ, ಬರೆಯಿರಿ

ಇದು ಸ್ವಲ್ಪ ಕಷ್ಟದ್ದು. ಬಾಯಲ್ಲಿ ‘ಪ್ರೀತಿಸ್ವರೂಪನಾದ ದೇವರು’ ಎನ್ನುತ್ತೇವೆ. ರಾತ್ರಿ ಹಾಸಿಗೆಯಲ್ಲಿ ನಮ್ಮನ್ನು ನೋಡುತ್ತಿರುವ ದೇವರ ಮುಖ ಬೇರೆಯೇ ಇರುತ್ತದೆ. ನನ್ನ ದೇವರಿಗೆ ಶಾಲಾ ಇನ್‌ಸ್ಪೆಕ್ಟರ ಮುಖವಿತ್ತು. ಕೈಯಲ್ಲಿ ಕೆಂಪು ಪೆನ್ನು.

ಮತ್ತಾಯ 25ರಲ್ಲಿ ಯೇಸು ಹೇಳಿದ ತಲಾಂತುಗಳ ಸಾಮ್ಯ, ಅಂದರೆ ದೃಷ್ಟಾಂತದ ಕಥೆ, ಇದೆ. ಧಣಿ ಮೂವರು ಆಳುಗಳಿಗೆ ಐದು, ಎರಡು, ಒಂದು ತಲಾಂತು ಕೊಟ್ಟು ದೂರದೇಶಕ್ಕೆ ಹೋಗುತ್ತಾನೆ. ಒಂದು ಸಿಕ್ಕವನು ಪಾಪ, ಕಡಿಮೆ ಸಿಕ್ಕಿತು ಎಂದು ನಾವು ಮರುಗುತ್ತೇವೆ. ಒಂದು ತಲಾಂತೆಂದರೆ 6,000 ದಿನಾರಿ, ದಿನಾರಿಯೆಂದರೆ ಆಳಿನ ಒಂದು ದಿನದ ಕೂಲಿ. ಲೆಕ್ಕ ಹಾಕಿ: ಸುಮಾರು 20 ವರ್ಷದ ದುಡಿಮೆ. ಆ ಧಣಿ ಜಿಪುಣನಾಗಿರಲು ಸಾಧ್ಯವೇ ಇಲ್ಲ. ಆದರೆ ಮೂರನೆಯವನು ಹೇಳುವುದೇನು? ‘ನೀನು ಕಠಿಣ ಮನುಷ್ಯ ಎಂದು ನನಗೆ ಗೊತ್ತಿತ್ತು, ಅದಕ್ಕೇ ಹೆದರಿ ಹೂತಿಟ್ಟೆ.’ ಒಂದು ಪೈಸೆಯೂ ಕಡಿಮೆಯಾಗದಂತೆ, ತೇವ ತಾಗದಂತೆ, ಹೇಗಿತ್ತೋ ಹಾಗೆ ವಾಪಸು. ತಪ್ಪೇ ಮಾಡದವನು ಅವನೊಬ್ಬನೇ. ಧಣಿ ಸಿಟ್ಟಾದದ್ದೂ ಅವನೊಬ್ಬನ ಮೇಲೆಯೇ. ವ್ಯಾಪಾರಕ್ಕಿಳಿದ ಇಬ್ಬರು ನಷ್ಟ ಮಾಡಿಕೊಂಡಿದ್ದರೆ ಏನಾಗುತ್ತಿತ್ತು ಎಂದು ನಮ್ಮ ತರಗತಿಯ ಹುಡುಗನೊಬ್ಬ ಕೇಳಿದ್ದ. ಕಥೆ ಅದನ್ನು ಹೇಳುವುದಿಲ್ಲ. ನನಗನ್ನಿಸುವುದು, ಧಣಿ ಮತ್ತೆ ಬಂಡವಾಳ ಹಾಕುತ್ತಿದ್ದ.

ಈಗ ಒಂದು ಹಾಳೆಯಲ್ಲಿ, ಯಾರಿಗೂ ತೋರಿಸಬೇಕಿಲ್ಲ, ‘ನಾನು ತಪ್ಪು ಮಾಡಿದಾಗ ದೇವರು ನನ್ನನ್ನು ನೋಡಿ ಹೇಳುವುದು…’ ಎಂದು ಶುರುಮಾಡಿ ಐದು ಸಾಲು ಬರೆಯಿರಿ. ಯೋಚಿಸದೆ, ತಿದ್ದದೆ. ಆಮೇಲೆ ಲೂಕ 15 ತೆಗೆದು, ದಾರಿ ತಪ್ಪಿದ ಮಗ ಮನೆಗೆ ಬಂದಾಗ ಅಪ್ಪ ಏನೇನು ಮಾಡಿದ ಎಂದು ಎದುರಿಗೆ ಬರೆಯಿರಿ: ದೂರದಲ್ಲೇ ಕಂಡ, ಕನಿಕರಪಟ್ಟ, ಓಡಿದ, ಕೊರಳು ತಬ್ಬಿದ, ಮುದ್ದಿಟ್ಟ. ಮಗ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಕ್ಷಮೆಯ ಭಾಷಣವನ್ನು ಪೂರ್ತಿ ಹೇಳಲೂ ಬಿಡಲಿಲ್ಲ. ನನ್ನಂಥವರು ಹೆಚ್ಚಾಗಿ, ಹೊಲದಿಂದ ಬಂದು, ತಮ್ಮನಿಗೆ ಔತಣವೇ ಎಂದು ಸಿಟ್ಟಾಗಿ ಒಳಗೆ ಬರಲೊಲ್ಲದ ಹಿರಿಮಗನ ಕಡೆಯವರು. ಅಪ್ಪ ಅವನನ್ನು ಕರೆಯಲೂ ಅಂಗಳ ದಾಟಿ ಹೊರಗೆ ಬಂದ ಎಂಬುದನ್ನೂ ಬರೆದುಕೊಳ್ಳಿ.

ನಾಲ್ಕನೆಯ ಹೆಜ್ಜೆ: ಒಂದೇ ಪಾಪವನ್ನು ಎರಡು ಸಲ ಒಪ್ಪಿಸಬೇಡಿ

ಹಟ ಭಕ್ತಿಯೊಳಗೆ ನುಗ್ಗಿದಾಗ ಅದನ್ನು ಗುರುತಿಸುವುದು ಕಷ್ಟ. ‘ಪ್ರಾರ್ಥನೆಯಲ್ಲಿ ಮನಸ್ಸು ಹರಿದುಹೋಯಿತು, ಮತ್ತೆ ಮೊದಲಿಂದ ಮಾಡಬೇಕು.’ ‘ಕ್ಷಮೆ ಕೇಳಿದೆ, ಆದರೆ ಸರಿಯಾದ ಪಶ್ಚಾತ್ತಾಪ ಇರಲಿಲ್ಲವೇನೋ.’ ಇಂಥದು ನಿಮಗೊಬ್ಬರಿಗೇ ಬಂದದ್ದಲ್ಲ.

1505ರಲ್ಲಿ ಜರ್ಮನಿಯ ಎರ್ಫರ್ಟ್‌ನ ಮಠ ಸೇರಿದ ಮಾರ್ಟಿನ್ ಲೂಥರ್ ಗಂಟೆಗಟ್ಟಲೆ, ಒಮ್ಮೊಮ್ಮೆ ಆರು ಗಂಟೆ ಪಾಪನಿವೇದನೆ (ಗುರುಗಳ ಮುಂದೆ ಪಾಪ ಒಪ್ಪಿಸುವುದು) ಮಾಡುತ್ತಿದ್ದರು. ಎದ್ದು ಹೋದವರು ಏನೋ ನೆನಪಾಯಿತೆಂದು ತಿರುಗಿ ಬರುತ್ತಿದ್ದರು. ಅವರ ಮಾತು ಕೇಳುತ್ತಿದ್ದ ಹಿರಿಯ ಯೋಹಾನ್ ಫಾನ್ ಸ್ಟೌಪಿಟ್ಸ್‌ಗೆ ಸಾಕುಸಾಕಾಗಿ, ಇಂಥ ಚಿಲ್ಲರೆಯನ್ನೆಲ್ಲ ಹೊತ್ತು ತರುವ ಬದಲು ನಿಜವಾದ ಪಾಪವಿದ್ದರೆ ತಗೊಂಡು ಬಾ ಎಂಬರ್ಥದಲ್ಲಿ ಗದರಿಸಿದ್ದುಂಟು. ನಿನ್ನನ್ನು ನೋಡಿಕೊಳ್ಳುವುದು ಬಿಟ್ಟು ಕ್ರಿಸ್ತನ ಗಾಯಗಳನ್ನು ನೋಡು ಎಂದು ಸಂತೈಸಿದ್ದೂ ಅವರೇ. ಇತ್ತ ಸ್ಪೇನಿನ ಇಗ್ನೇಷಿಯಸ್ ಲೊಯೊಲಾ 1522ರಲ್ಲಿ ಮೊಂಟ್‌ಸೆರಾಟ್‌ನಲ್ಲಿ ಮೂರು ದಿನ ಬರೆದು ಬರೆದು ಪಾಪನಿವೇದನೆ ಮಾಡಿದರು. ಆಮೇಲೂ ಮನ್ರೇಸಾದಲ್ಲಿ ತಿಂಗಳುಗಟ್ಟಲೆ ‘ಏನೋ ಬಿಟ್ಟುಹೋಯಿತು’ ಎಂಬ ಹುಳು ಕೊರೆಯಿತು. ಸಾಯುವ ಯೋಚನೆಯೂ ಬಂದಿತ್ತು. ಒಂದು ವಾರ ಅನ್ನ ಬಿಟ್ಟು ಕೂತರು. ಗುರುಗಳು ಊಟ ಮಾಡು ಎಂದು ಅಪ್ಪಣೆ ಮಾಡಿದ ಮೇಲೆ ಉಂಡರು. ಕೊನೆಗೆ ಹಿಂದಿನ ಪಾಪಗಳನ್ನು ಇನ್ನು ಮೇಲೆ ತಿರುಗಿ ಒಪ್ಪಿಸುವುದಿಲ್ಲ ಎಂದು ನಿರ್ಧರಿಸಿದಾಗಲೇ ಬಿಡುಗಡೆ. ಒಬ್ಬರು ಪ್ರೊಟೆಸ್ಟೆಂಟ್ ಸುಧಾರಣೆಯ ಮೊದಲಿಗ, ಇನ್ನೊಬ್ಬರು ಕ್ಯಾಥೊಲಿಕ್ಕರ ಯೇಸುಸಭೆಯ ಸ್ಥಾಪಕ. ಜಗಳವಾಡಿದ ಎರಡು ಮನೆಗಳಿಗೂ ಕಾಯಿಲೆ ಒಂದೇ, ಔಷಧವೂ ಹೆಚ್ಚುಕಡಿಮೆ ಒಂದೇ.

ನೀವು ಮಾಡಬೇಕಾದದ್ದು ಇಷ್ಟು. ತಪ್ಪನ್ನು ಒಂದು ಸಲ, ಒಂದು ವಾಕ್ಯದಲ್ಲಿ ಹೇಳಿ. ಪಾಪ ಒಪ್ಪಿಕೊಂಡರೆ ದೇವರು ಕ್ಷಮಿಸುತ್ತಾನೆ ಎಂಬ 1 ಯೋಹಾನ 1:9 ಓದಿ. ‘ಆಮೆನ್’ ಎಂದು ಗಟ್ಟಿಯಾಗಿ ಅನ್ನಿ. ಅದೇ ತಪ್ಪು ಮತ್ತೆ ತಲೆಗೆ ಬಂದರೆ ಕ್ಷಮೆ ಕೇಳಬೇಡಿ, ಥ್ಯಾಂಕ್ಸ್ ಹೇಳಿ: ‘ಇದನ್ನು ಆಗಲೇ ಕ್ಷಮಿಸಿದ್ದಕ್ಕೆ ಸ್ತೋತ್ರ.’ ಕ್ಯಾಥೊಲಿಕ್ಕರಾದರೆ ಫಾದರ್‌ಗಳನ್ನು ಬದಲಿಸುತ್ತ ಹೋಗಬೇಡಿ. ಒಬ್ಬರನ್ನೇ ಹಿಡಿದು, ಹಿಂಗಾಗುತ್ತಿದೆ ಎಂದು ಹೇಳಿ, ಅವರು ಸಾಕು ಅಂದಾಗ ಸಾಕು ಮಾಡಿ. ಪ್ರೊಟೆಸ್ಟೆಂಟರಲ್ಲಿ ಹೀಗೆ ‘ಸಾಕು’ ಅನ್ನುವವರು ಯಾರೂ ಇಲ್ಲದಿರುವುದು ನಮ್ಮ ಕೊರತೆಯೆಂದೇ ನನ್ನ ಅಭಿಪ್ರಾಯ. ನಂಬಿಕೆಯ ಒಬ್ಬ ಹಿರಿಯರನ್ನು ಆ ಕೆಲಸಕ್ಕೆ ಕೇಳಿಕೊಳ್ಳಿ.

ಇಲ್ಲೊಂದು ಎಚ್ಚರಿಕೆ. ಬೇಡದ ಯೋಚನೆಗಳು ದಿನಕ್ಕೆ ತಾಸುಗಟ್ಟಲೆ ಹಿಡಿದುಕೊಂಡರೆ, ಕೈ ತೊಳೆದದ್ದೇ ತೊಳೆಯುವಂತೆ ಪ್ರಾರ್ಥಿಸಿದ್ದನ್ನೇ ಪ್ರಾರ್ಥಿಸುವಂತಾದರೆ, ನಿದ್ದೆ ಊಟ ಬಿಟ್ಟುಹೋದರೆ, ಅದು ಗೀಳುರೋಗವಿರಬಹುದು. ಅದಕ್ಕೆ ಉಪವಾಸ ಪ್ರಾರ್ಥನೆ ಹೆಚ್ಚಿಸುವುದು ಉರಿಯುವ ಒಲೆಗೆ ಕಟ್ಟಿಗೆ ಹಾಕಿದಂತೆ. ಬೆಂಗಳೂರಿನ ನಿಮ್ಹಾನ್ಸ್, ನಮ್ಮ ಧಾರವಾಡದ ಡಿಮ್ಹಾನ್ಸ್ ಇರುವುದೇ ಇಂಥದಕ್ಕೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ. ದಿನದ 24 ಗಂಟೆಯೂ ಸಿಗುತ್ತದೆ. ಸಾಯುವ ಯೋಚನೆ ಬಂದರಂತೂ ಈ ಲೇಖನ ಇಲ್ಲಿಗೇ ನಿಲ್ಲಿಸಿ, ಮೊದಲು ಫೋನ್ ಮಾಡಿ. ಮಾತ್ರೆ ತಗೊಳ್ಳುವುದು ಅಪನಂಬಿಕೆಯಲ್ಲ. ಕಣ್ಣಿಗೆ ಕನ್ನಡಕ ಹಾಕಿಕೊಂಡು ಬೈಬಲ್ ಓದುತ್ತೇವಲ್ಲ.

ಐದನೆಯ ಹೆಜ್ಜೆ: ಮೂಲೆ ಬಿಡಿ

ಈ ಬರಹದಲ್ಲಿ ಒಂದೇ ಹೆಜ್ಜೆ ಮಾಡುವುದಿದ್ದರೆ ಇದನ್ನು ಮಾಡಿ.

ಯಾಜಕಕಾಂಡ 19:9-10ರಲ್ಲಿ ಇಸ್ರಾಯೇಲರ ರೈತರಿಗೊಂದು ಅಪ್ಪಣೆಯಿದೆ. ಪೈರು ಕೊಯ್ಯುವಾಗ ಹೊಲದ ಮೂಲೆಗಳ ತನಕ ಕೊಯ್ಯಬಾರದು, ಕೊಯ್ಲಿನಲ್ಲಿ ಉದುರಿ ಬಿದ್ದ ಹಕ್ಕಲನ್ನು ಆಯಬಾರದು. ಅದು ಬಡವರಿಗೆ, ಪರದೇಶದವರಿಗೆ. ಹಕ್ಕಲು ಎಂದರೆ ನಮ್ಮ ರೈತಾಪಿ ಮನೆಗಳಲ್ಲಿ ಬಿಡಿಸಿ ಹೇಳಬೇಕಿಲ್ಲ. ಶೇಂಗಾ ಕಿತ್ತ ಹೊಲದಲ್ಲಿ, ಜೋಳ ಕೊಯ್ದ ಹೊಲದಲ್ಲಿ ಹಕ್ಕಲಾಯುತ್ತಿದ್ದ ಹೆಂಗಸರು ಮಕ್ಕಳನ್ನು ನಾನು ಚಿಕ್ಕವಳಿದ್ದಾಗ ಕಂಡಿದ್ದೇನೆ. ಧರ್ಮೋಪದೇಶಕಾಂಡ 24:19 ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಒಂದು ಸಿವುಡನ್ನು, ಅಂದರೆ ತೆನೆಯ ಕಟ್ಟನ್ನು, ಹೊಲದಲ್ಲಿ ಮರೆತು ಬಂದರೆ ತರಲು ಹಿಂದಿರುಗಬೇಡ. ನಾನು ಈ ವಚನವನ್ನು ಎಷ್ಟು ಸಲ ಓದಿದ್ದೆನೋ! ಅದು ನನಗೇ ಹೇಳಿದ್ದೆಂದು ತಿಳಿದದ್ದು, ಸ್ಕೂಟರ್ ತಿರುಗಿಸಿಕೊಂಡು ಬಂದು ಗ್ಯಾಸ್ ಆಫ್ ಆಗಿದೆಯೇ ಎಂದು ಮೂರನೆಯ ಸಲ ನೋಡಿ ಬಂದ ದಿನ.

ಮೂಲೆ ಎಷ್ಟು ಬಿಡಬೇಕು? ಮೋಶೆಯ ಧರ್ಮಶಾಸ್ತ್ರ ಅಳತೆ ಹೇಳುವುದಿಲ್ಲ. ಯೆಹೂದ್ಯರ ಹಳೆಯ ನಿಯಮಸಂಗ್ರಹವಾದ ಮಿಷ್ನಾದಲ್ಲಿ ರಬ್ಬಿಗಳು (ಅವರ ಧರ್ಮಗುರುಗಳು) 60ರಲ್ಲಿ ಒಂದು ಪಾಲಿಗೆ ಕಡಿಮೆಯಾಗಬಾರದು ಎಂದರು. ನನಗದು ಹಿಡಿಸಿತು. ಗಂಟೆಗೆ ಒಂದು ನಿಮಿಷ! ಇಷ್ಟು ಸಣ್ಣ ಪಾಲು ಬಿಡಲು ನನ್ನ ಕೈ ನಡುಗುತ್ತದೆಂದರೆ ಕಾಯಿಲೆ ಎಷ್ಟು ಬಲಿತಿರಬೇಕು.

ಮಾಡುವ ಬಗೆ ಹೀಗೆ. ವಾರಕ್ಕೊಂದು ಕೆಲಸ ಆರಿಸಿ. ಮೊದಲ ವಾರ ಬಲು ಸಣ್ಣದು. ನಾನು ಆರಿಸಿದ್ದು ವಾಟ್ಸ್ಆ್ಯಪ್ ಸಂದೇಶ. ಕಳಿಸುವ ಮುಂಚೆ ತಿರುಗಿ ಓದಕೂಡದು. ಎರಡನೆಯ ವಾರ ಒಣಗಿದ ಬಟ್ಟೆ: ಬುಟ್ಟಿಯ ತಳದ ಮೂರು ಬಟ್ಟೆ ಮಡಚದೆ ಬಿಡುವುದು. ಮೂರನೆಯ ವಾರ ಸಂಡೆ ಸ್ಕೂಲ್ ಪಾಠದ ತಯಾರಿ. ಮೊದಲು ಮೂರು ತಾಸು ಹಿಡಿಯುತ್ತಿದ್ದದ್ದನ್ನು ಮೊಬೈಲಿನಲ್ಲಿ ಅಲಾರಾಂ ಇಟ್ಟು ಒಂದು ತಾಸಿಗೆ ಮುಗಿಸುವುದು, ಅಲಾರಾಂ ಹೊಡೆದಾಗ ವಾಕ್ಯ ಅರ್ಧವಿದ್ದರೂ ಪೆನ್ನು ಮುಚ್ಚುವುದು. ಬಿಟ್ಟೆದ್ದಾಗ ಒಂದೇ ಮಾತು ಹೇಳಿ: ‘ಕರ್ತನೇ, ಈ ಮೂಲೆ ನಿನ್ನದು.’ ಎದೆ ಢವಢವ ಅನ್ನುತ್ತದೆ, ಅನ್ನಲಿ. ಹತ್ತಿಪ್ಪತ್ತು ನಿಮಿಷ ಬೇರೆ ಕೋಣೆಗೆ ಹೋಗಿ ಕೂತರೆ ತಾನೇ ಇಳಿಯುತ್ತದೆ. ಸಂಜೆ ಪುಸ್ತಕದಲ್ಲಿ ಎರಡು ಸಾಲು: ಏನಾದೀತೆಂದು ಹೆದರಿದ್ದೆ, ಏನಾಯಿತು.

ನನ್ನ ಮೂರನೆಯ ವಾರದ ಸಾಲನ್ನೇ ಕೊಡುತ್ತೇನೆ. ‘ಹೆದರಿಕೆ: ಪಾಠ ನಡುವೆ ನಿಂತುಹೋಗುತ್ತದೆ, ಮಕ್ಕಳು ನಗುತ್ತಾರೆ. ಆದದ್ದು: ಯೇಸುವನ್ನು ನೋಡಲು ಮರ ಹತ್ತಿದ ಜಕ್ಕಾಯನ ಕಥೆಯಲ್ಲಿ ಮುಂದೇನು ಹೇಳಬೇಕೆಂದು ಹೊಳೆಯಲಿಲ್ಲ, ನಿಮಗೇನನ್ನಿಸುತ್ತದೆ ಎಂದು ಕೇಳಿದೆ. ಒಂಬತ್ತು ವರ್ಷದ ಹುಡುಗಿ, “ಟೀಚರ್, ಅವ ಗಿಡದಾಗಿಂದ ಇಳಿಯುವಾಗ ಅಂಗಿ ಹರಿದಿರಬೇಕು” ಅಂದಳು. ಇಪ್ಪತ್ತು ನಿಮಿಷ ಅದೇ ಮಾತು.’ ಮೂರು ತಾಸು ತಯಾರಿ ಮಾಡಿ ಹೋಗುತ್ತಿದ್ದ ವರ್ಷಗಳಲ್ಲಿ ಆ ಹುಡುಗಿ ಬಾಯಿ ತೆರೆದದ್ದೇ ನನಗೆ ನೆನಪಿಲ್ಲ. ತೆರೆಯಲು ನಾನು ಜಾಗವನ್ನೇ ಇಟ್ಟಿರಲಿಲ್ಲ.

ಮೂಲೆಯ ಗುಟ್ಟು ಇದೇ. ಬೈಬಲ್ಲಿನ ರೂತಳ ಕಥೆಯಲ್ಲಿ ಹೊಲದ ಒಡೆಯ ಬೋವಜನ ಹೊಲದಲ್ಲಿ ಬಿಟ್ಟ ತೆನೆ ಹಾಳಾಗಲಿಲ್ಲ; ಮೋವಾಬಿನಿಂದ ಬಂದ ವಿಧವೆ ರೂತ್ ಅದನ್ನು ಆಯ್ದುಕೊಂಡಳು. ಬೇಕೆಂದೇ ಕೆಲವು ತೆನೆ ಕಿತ್ತು ಬೀಳಿಸಿ ಎಂದು ಆಳುಗಳಿಗೆ ಬೋವಜ ಹೇಳಿದ್ದೂ ಅಲ್ಲೇ ಇದೆ (ರೂತ 2:16). ಅವಳ ಮರಿಮಗ ದಾವೀದ. ಮತ್ತಾಯ ಬರೆದ ಯೇಸುವಿನ ವಂಶಾವಳಿಯಲ್ಲಿ ಅವಳ ಹೆಸರಿದೆ. ಮೂಲೆಯ ತನಕ ಕೊಯ್ದುಕೊಳ್ಳುವವನ ಹೊಲದಲ್ಲಿ ರೂತಳಿಗೆ ಏನು ಕೆಲಸ?

ಎಲ್ಲಿ ಮೂಲೆ ಬಿಡಬಾರದು ಎಂಬುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಮ್ಮ ಖಜಾಂಚಿಗಳು ಈ ಲೇಖನ ಹಿಡಿದುಕೊಂಡು ಬಂದಾರು. ಸಭೆಯ ಕಾಣಿಕೆ ಲೆಕ್ಕ, ಔಷಧದ ಅಳತೆ, ಕೂಲಿಯವರ ಕೂಲಿ, ವಿದ್ಯುತ್ ಕೆಲಸ. ಇಲ್ಲೆಲ್ಲ ಎರಡು ಸಲ ನೋಡಿ. ಎರಡೇ ಸಲ.

ಆರನೆಯ ಹೆಜ್ಜೆ: ಹೊರಗೆ ಬಿಡಿ, ತಿದ್ದುವವರು ಬರುತ್ತಾರೆ

ಬರೆದ ಕವಿತೆ, ಹಾಡಿದ ಕೀರ್ತನೆ, ಕಲಿಸಬೇಕೆಂದಿರುವ ಪಾಠವನ್ನು ಡಬ್ಬಿಯಲ್ಲಿ ಮುಚ್ಚಿಟ್ಟವರಿಗೆ ಈ ಹೆಜ್ಜೆ. ನಮ್ಮ ಕೈಯಲ್ಲಿರುವ ಕನ್ನಡ ಬೈಬಲ್ಲನ್ನೇ ನೋಡಿ. ಲಂಡನ್ ಮಿಷನ್‌ನಿಂದ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ದುಡಿದು, 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಅದರಲ್ಲಿ ಕುಂದು ಕಂಡವರು ಆಮೇಲೆ ತಿದ್ದಿದರು, ತಿದ್ದಿದ್ದನ್ನೂ ತಿದ್ದಿದರು. ಈಗಿನ ಭಾಷೆಗೆ ಮತ್ತೆ ಮತ್ತೆ ಅನುವಾದವಾಗುತ್ತಲೇ ಇದೆ. ದೇವರ ವಾಕ್ಯವೇ ನಮ್ಮ ಭಾಷೆಗೆ ಕರಡಾಗಿ ಬಂದು, ಕರಡಾಗಿಯೇ ಜನರ ಕಣ್ಣೀರು ಒರೆಸಿದೆ.

ಕಿಟೆಲ್ ಇನ್ನೊಬ್ಬರು. ಬಾಸೆಲ್ ಮಿಷನ್ನಿನಿಂದ 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ದಶಕಗಳ ಕಾಲ ಪದ ಕೂಡಿಸಿ, ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮಂಗಳೂರಿನಿಂದ ಹೊರತಂದರು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜೇ ಇದೆ. ಎಲ್ಲ ಪದ ಸಿಗುವ ತನಕ ಅಚ್ಚು ಬೇಡ ಎಂದು ಅವರು ಕೂತಿದ್ದರೆ ಇನ್ನೂ ಕೂತೇ ಇರಬೇಕಿತ್ತು. ಮುಂದೆ ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿದರು, ಮದ್ರಾಸು ವಿಶ್ವವಿದ್ಯಾಲಯ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಕಿಟೆಲ್ ಬಿಟ್ಟ ಹಕ್ಕಲು ಭಟ್ಟರಿಗೆ ಸಿಕ್ಕಿತು.

ಏಳನೆಯ ಹೆಜ್ಜೆ: ಶನಿವಾರ ಸಂಜೆ ಬಾಗಿಲು ಹಾಕಿ

ಕೆಲಸ ಮುಗಿದ ಮೇಲೆ ವಿಶ್ರಾಂತಿ ಎಂದುಕೊಂಡರೆ ವಿಶ್ರಾಂತಿ ಬರುವುದೇ ಇಲ್ಲ. ವಾರಕ್ಕೊಂದು ದಿನ ಕೆಲಸ ನಿಲ್ಲಿಸಬೇಕೆನ್ನುವ ಸಬ್ಬತ್ತಿನ ಅಪ್ಪಣೆ ಕೆಲಸ ಮುಗಿದಿದೆಯೇ ಎಂದು ಕೇಳುವುದಿಲ್ಲ. ದಿನ ಬಂತು, ನಿಲ್ಲಿಸು ಅನ್ನುತ್ತದೆ. ನಮ್ಮಲ್ಲಿ ಶನಿವಾರ ಸಂಜೆ ಏಳಕ್ಕೆ ತಿದ್ದದ ಉತ್ತರಪತ್ರಿಕೆಗಳ ಕಟ್ಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇನೆ, ಕೀಲಿಕೈ ಅತ್ತೆಯ ಕೈಗೆ. ಸೋಮವಾರ ಬೆಳಗಿನ ತನಕ ಅವರು ಕೊಡುವುದಿಲ್ಲ. ಈ ಕೆಲಸವನ್ನು ಅವರು ಬಲು ಖುಷಿಯಿಂದ ಮಾಡುತ್ತಾರೆ. ಭಾನುವಾರವೂ ಕೆಲಸವಿರುವ ನರ್ಸುಗಳು, ಪೊಲೀಸರು ಬೇರೆ ಅರ್ಧ ದಿನ ಹಿಡಿದುಕೊಳ್ಳಿ. ಭಾನುವಾರದ ಸೇವೆಯಲ್ಲಿ ದುಡಿಯುವ ಸಭಾಪಾಲಕರಿಗಂತೂ ಇದು ಇನ್ನೂ ಬೇಕು.

ಎಂಟನೆಯ ಹೆಜ್ಜೆ: ರಾತ್ರಿ ಹತ್ತು ನಿಮಿಷ

ಇಗ್ನೇಷಿಯಸ್ ಕಲಿಸಿಹೋದ ದಿನಾವಲೋಕನದ ಪ್ರಾರ್ಥನೆಯನ್ನು ಇಲ್ಲಿ ಹಿಡಿದುಕೊಳ್ಳಬಹುದು. ಅವರು ಶುರು ಮಾಡುವುದು ತಪ್ಪಿನಿಂದಲ್ಲ, ಉಪಕಾರಸ್ತುತಿಯಿಂದ. ಮೊದಲು ಇಂದು ಸಿಕ್ಕ ಒಳ್ಳೆಯವು ಮೂರು. ಆಮೇಲೆ ‘ನಿನ್ನ ಕಣ್ಣಿಂದ ನೋಡಲು ಬೆಳಕು ಕೊಡು’ ಎಂದು ಕೇಳಿ, ಬೆಳಗಿನಿಂದ ರಾತ್ರಿಯ ತನಕ ಮನಸ್ಸಿನಲ್ಲಿ ನಡೆದು ಬರುವುದು. ನೊಂದುಕೊಳ್ಳಬೇಕಾದ್ದು ಕಂಡರೆ ಒಂದು ವಾಕ್ಯ. ಕೊನೆಗೆ ನಾಳೆಗೊಂದು ಬೇಡಿಕೆ. ಹತ್ತು ನಿಮಿಷಕ್ಕೆ ಅಲಾರಾಂ. ಹಟದವರ ಕೈಯಲ್ಲಿ ಇದೂ ಆಡಿಟ್ ಆಗಿಬಿಡುತ್ತದೆ. ಹಾಗಾದರೆ ಒಂದು ತಿಂಗಳು ಬರೀ ಸ್ತುತಿಯ ಭಾಗ ಮಾಡಿ, ಉಳಿದದ್ದು ಬಿಡಿ.

ಪ್ಯಾರಿಸ್ಸಿನ ಮಠವೊಂದರ ಅಡುಗೆಮನೆಯಲ್ಲಿ ಬಹುಕಾಲ ದುಡಿದು 1691ರಲ್ಲಿ ತೀರಿಕೊಂಡ ಬ್ರದರ್ ಲಾರೆನ್ಸ್ ತಪ್ಪಾದಾಗ ದೇವರಿಗೆ ಹೇಳುತ್ತಿದ್ದದ್ದು ಇಷ್ಟೇ: ನನ್ನ ಪಾಡಿಗೆ ಬಿಟ್ಟರೆ ನಾನು ಮಾಡುವುದೇ ಹೀಗೆ, ಬೀಳದಂತೆ ತಡೆಯಬೇಕಾದವನು ನೀನು. ಹೇಳಿ, ಅದನ್ನಲ್ಲಿಗೇ ಬಿಟ್ಟು, ಪಾತ್ರೆಗೆ ಕೈ ಹಾಕುತ್ತಿದ್ದರು. ಇಷ್ಟು ಸಲಿಗೆ ನನಗಿನ್ನೂ ಬಂದಿಲ್ಲ.

ಒಂಬತ್ತನೆಯ ಹೆಜ್ಜೆ: ಮನೆಯವರನ್ನು ಬಿಡುಗಡೆ ಮಾಡಿ

ನಮ್ಮ ಹಟದ ಏಟು ಹೆಚ್ಚಾಗಿ ತಿನ್ನುವವರು ಮನೆಯವರು. ಗಂಡ ತೊಳೆದ ಪಾತ್ರೆಯನ್ನು ಅವರೆದುರೇ ಮತ್ತೆ ತೊಳೆಯುವುದು, ಮಗು ಬರೆದ ಗ್ರೀಟಿಂಗ್ ಕಾರ್ಡಿನ ಕಾಗುಣಿತ ತಿದ್ದಿಕೊಡುವುದು, ಕ್ವಾಯರಿನಲ್ಲಿ ಶ್ರುತಿ ತಪ್ಪಿದವರ ಕಡೆ ತಿರುಗಿ ನೋಡುವುದು. ಲೂಕ 10ರಲ್ಲಿ, ತಂಗಿ ಮರಿಯಳು ಕೆಲಸಕ್ಕೆ ಕೈಹಾಕದೆ ಕೂತಿದ್ದಾಳೆಂದು ದೂರಿದ ಮಾರ್ಥಳಿಗೆ, ನೀನು ಅನೇಕ ವಿಷಯಗಳಿಗೆ ತಳಮಳಗೊಳ್ಳುತ್ತೀ ಎಂದು ಯೇಸು ಹೇಳಿದ್ದನ್ನು ಅಡುಗೆ ಮಾಡುವವರ ಮೇಲಿನ ದೂರೆಂದು ಓದುವವರಿದ್ದಾರೆ. ಉಂಡು ಕೈ ತೊಳೆದ ಗಂಡಸರೇ ಹೆಚ್ಚು. ಯೋಹಾನ 12:2 ನೋಡಿ. ಸತ್ತಿದ್ದ ಅವಳ ಸಹೋದರ ಲಾಜರನು ಬದುಕಿ ಎದ್ದು ಬಂದ ಮೇಲಿನ ಊಟದಲ್ಲೂ ಬಡಿಸುತ್ತಿರುವವಳು ಮಾರ್ಥಳೇ. ಆದರೆ ಈ ಸಲ ತಂಗಿಯ ಮೇಲೆ ಚಾಡಿಯಿಲ್ಲ, ‘ನಾನೊಬ್ಬಳೇ’ ಎಂಬ ಗೊಣಗಾಟವಿಲ್ಲ. ಅಡುಗೆ ಉಳಿಯಿತು, ಲೆಕ್ಕ ಹೋಯಿತು.

ವಾರಕ್ಕೊಮ್ಮೆ ಒಂದು ಕೆಲಸವನ್ನು ಪೂರ್ತಿ ಇನ್ನೊಬ್ಬರ ಕೈಗೆ ಕೊಟ್ಟು, ಅವರು ಹೇಗೆ ಮಾಡುತ್ತಾರೋ ಹಾಗೇ ಒಪ್ಪಿಕೊಳ್ಳಿ. ತಿದ್ದಬೇಡಿ. ಮುಖದಲ್ಲೂ ತಿದ್ದಬೇಡಿ. ಹಳೆಯ ಗಾಯವಿದ್ದರೆ ಕ್ಷಮೆ ಕೇಳಿ. ನಾನು ಮಗಳಿಗೆ ಆ ನಕ್ಷತ್ರದ ಬಗ್ಗೆ ಹೇಳಿದಾಗ ಅವಳಿಗೆ ನೆನಪೇ ಇರಲಿಲ್ಲ. ‘ಅಮ್ಮಾ, ನಂಗ ಪ್ರತಿ ವರ್ಷ ಹಂಗ ಅಲ್ಲೇನ್?’ ಅಂದಳು. ಅದು ನೆನಪಿರುವುದಕ್ಕಿಂತ ಕಷ್ಟವಾಗಿತ್ತು.

ಜಾರಿದ ದಿನ

ಜಾರುತ್ತೀರಿ. ಪರೀಕ್ಷೆ, ಮದುವೆ, ಮನೆಗೆ ಬರುವ ನೆಂಟರು, ಸಭೆಯ ವಾರ್ಷಿಕೋತ್ಸವ ಬಂತೆಂದರೆ ಹಳೆಯ ಕಾನೂನು ತಾನೇ ಎದ್ದು ಕೂರುತ್ತದೆ. ಆಗ ಬರುವ ಮೊದಲ ಯೋಚನೆ, ‘ಹಟ ಬಿಡುವುದನ್ನೂ ನಾನು ಸರಿಯಾಗಿ ಮಾಡಲಿಲ್ಲ.’ ಇದು ಅದೇ ಕಳ್ಳ, ಅಂಗಿ ಬದಲಿಸಿ ಬಂದಿದ್ದಾನೆ. ಆತ್ಮದಿಂದ ಶುರುಮಾಡಿ ಈಗ ಸ್ವಂತ ಬಲದಿಂದ ಮುಗಿಸಹೊರಟಿರೋ ಎಂದು ಪೌಲ ಗಲಾತ್ಯದವರನ್ನು ಗದರಿಸಿದ್ದು (3:3) ಇಂಥವರನ್ನೇ. ಪುಸ್ತಕದಲ್ಲಿ ಆ ದಿನದ ಜಾಗ ಖಾಲಿ ಬಿಡಿ. ಮರುದಿನ ತುಂಬಿಸಬೇಡಿ. ಮರೆತ ಸಿವುಡು ಅದು.

ಸಭೆಯಲ್ಲೂ ಒಂದು ಕೆಲಸ ಮಾಡಬಹುದು. ನಾವು ಕೇಳುವ ಸಾಕ್ಷಿಗಳೆಲ್ಲ ಮುಗಿದ ಕಥೆಗಳು: ಕುಡಿಯುತ್ತಿದ್ದೆ, ಬಿಟ್ಟೆ, ಕಾಯಿಲೆಯಿತ್ತು, ವಾಸಿಯಾಯಿತು. ಪ್ರಾರ್ಥನಾಕೂಟದಲ್ಲಿ ಒಮ್ಮೆ ಮುಗಿಯದ ಸಾಕ್ಷಿ ಹೇಳಿ ನೋಡಿ. ನಾನು ಕರ್ಜಿಕಾಯಿಯ ಕಥೆ ಹೇಳಿ, ‘ಇನ್ನೂ ಆರಿಸುತ್ತಿದ್ದೇನೆ, ಪ್ರಾರ್ಥಿಸಿರಿ’ ಅಂದು ಕೂತೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು, ತಾವು ಇವತ್ತಿಗೂ ಮಲಗುವ ಮುನ್ನ ಅಂದಿನ ಖರ್ಚಿನ ಲೆಕ್ಕ ಪೈಸೆಗೆ ಪೈಸೆ ಕೂಡದಿದ್ದರೆ ದೀಪ ಆರಿಸುವುದಿಲ್ಲ ಎಂದರು. ಅವರ ಹೆಂಡತಿ ಎಲ್ಲರೆದುರೇ ನಕ್ಕುಬಿಟ್ಟರು.

ಹೋದ ಡಿಸೆಂಬರಿನಲ್ಲಿ ಕರ್ಜಿಕಾಯಿ ತುಂಬಲು ಮಗಳೂ ಅತ್ತೆಯೂ ಕೂತರು. ಒಂದು ತಟ್ಟೆಯಷ್ಟೇ ಇಟ್ಟಿದ್ದೆವು. ಹತ್ತೂವರೆಗೆಲ್ಲ ದೀಪ ಆರಿಸಿ ಮಲಗಿದೆವು. ಎದುರು ಮನೆಗೆ ಹೋದ ಡಬ್ಬಿಯಲ್ಲಿ ಬಾಯಿ ಬಿಟ್ಟವು ಎರಡಿದ್ದವು, ಮುಚ್ಚಳ ಹಾಕುವಾಗ ನಾನೇ ನೋಡಿದ್ದೆ. ನಮ್ಮ ಕಡೆ ಡಬ್ಬಿ ಬರಿದೆ ತಿರುಗಿಸುವುದಿಲ್ಲ. ಸಂಕ್ರಾಂತಿಗೆ ಅದು ಮನೆಯಲ್ಲೇ ಮಾಡಿದ ಕುಸುರೆಳ್ಳು ತುಂಬಿಕೊಂಡು ಬಂತು. ಕೆಲವಕ್ಕೆ ಮೈತುಂಬ ಮುಳ್ಳು ಎದ್ದಿತ್ತು, ಕೆಲವು ಬೋಳಾಗಿದ್ದವು. ಅತ್ತೆ ಬೋಳಾದವನ್ನೇ ಆರಿಸಿ ಬಾಯಿಗೆ ಹಾಕಿಕೊಂಡರು. ಹಲ್ಲಿಲ್ಲದವರಿಗೆ ಅವೇ ಚಲೋ ಅಂತೆ.